ಟಿಬಿ ವಾಸಿಯಾಗಿ ಗಾರ್ಮೆಂಟ್ಸ್‌ಗೆ ಮರಳುವಾಗ

ಟಿಬಿ ಬಂದಾಗ ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡುತ್ತಿದ್ದೆ. "ರಾಜೀನಾಮೆ ಬರೆದು ಕೊಡಮ್ಮ, ವಾಸಿಯಾದ ಮೇಲೆ ನೋಡೋಣ" ಅಂದರು ಸೂಪರ್‌ವೈಸರ್. ಬರೆಯಬೇಡಿ! ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇದ್ದರೆ ಮೊದಲು ಇಎಸ್‌ಐ ಡಿಸ್ಪೆನ್ಸರಿಯಲ್ಲಿ ರಜೆ ಸರ್ಟಿಫಿಕೇಟ್ ಮಾಡಿಸಿ. ಕಂತು ಸರಿಯಾಗಿ ಕಟ್ಟಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಟಿಬಿ, ಕ್ಯಾನ್ಸರ್‌ನಂಥ ಕಾಯಿಲೆಗೆ, ಎರಡು ವರ್ಷ ಸರ್ವೀಸ್ ಆಗಿದ್ದರೆ, ಆಮೇಲೂ ಶೇ. 80 ಬರುತ್ತದೆ.

ಮರಳುವಾಗ ಬರೀ ಫಿಟ್ನೆಸ್ ಸರ್ಟಿಫಿಕೇಟ್ ಸಾಲದು. "ಮೂರು ತಿಂಗಳು ಜಾಸ್ತಿ ಹೊತ್ತು ನಿಲ್ಲಬಾರದು, ಓಟಿ ಬೇಡ" ಎಂದು ಡಾಕ್ಟರ್ ಹತ್ತಿರ ಬಿಡಿಸಿ ಬರೆಸಿಕೊಳ್ಳಿ. ಸುಮ್ನೆ "ಹಗುರ ಕೆಲಸ" ಅಂದರೆ ಲೈನ್‌ನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅದರ ಜೊತೆ ಎಚ್‌ಆರ್‌ಗೆ ಅರ್ಜಿ, ಎರಡು ಪ್ರತಿ. ಒಂದಕ್ಕೆ ಸೀಲ್ ಹಾಕಿಸಿ ಮನೆಯಲ್ಲಿಡಿ. ನನಗೆ ಕೂತು ದಾರ ಕತ್ತರಿಸುವ ಕೆಲಸ ಸಿಕ್ಕಿತು. ಸ್ಟೂಲ್ ಮಾತ್ರ ನಾನೇ ಹುಡುಕಿ ತಂದೆ.