ಮನೇಲೇ ಗಣಿಕೆ ಸೊಪ್ಪು ಬೆಳೆಯೋದು ಹೇಗೆ

ಗಣಿಕೆ ಸೊಪ್ಪಿಗೆ ಬೀಜದ ಪ್ಯಾಕೆಟ್ ಹುಡ್ಕೋದೇನೂ ಬೇಡ, ಗಿಡ ಗೊತ್ತಿರೋರ ಹತ್ರ ಚೆನ್ನಾಗಿ ಕಪ್ಪಾಗಿರೋ ಹಣ್ಣು ನಾಲ್ಕೈದು ಇಸ್ಕೊಂಡು, ನೀರಲ್ಲಿ ಕಿವುಚಿ, ಟೀ ಸೋಸೋದ್ರಲ್ಲಿ ಸೋಸಿ ನೆರಳಲ್ಲಿ ಒಣಗಿಸ್ಕೊಳ್ಳಿ. ಬೀಜ ತುಂಬಾ ಸಣ್ಣದು, ಅದಕ್ಕೇ ಸ್ವಲ್ಪ ಮರಳು ಬೆರೆಸಿ ಉದುರಿಸಿ ಮೇಲೆ ತೆಳ್ಳಗೆ ಮಣ್ಣು ಹಾಕಿದ್ರೆ ಸಾಕು. ಒಂದೆರಡು ವಾರದಲ್ಲಿ ಸಸಿ ಬರತ್ತೆ, 4-5 ಎಲೆ ಬಂದ್ಮೇಲೆ 10-12 ಇಂಚಿನ ಪಾಟ್‌ಗೆ ಒಂದೊಂದೇ ನೆಡಿ.

ಬಿಸಿಲು ಬೇಕು, ಆದ್ರೆ ಮಧ್ಯಾಹ್ನದ ಉರಿ ಬಿಸಿಲು ತಪ್ಪಿದ್ರೆ ಎಲೆ ಮೆತ್ತಗಿರತ್ತೆ. ನೀರು ನಿಲ್ಲಬಾರ್ದು. ಮುಖ್ಯ ಕೆಲ್ಸ ಅಂದ್ರೆ ಕುಡಿ ಚಿವುಟೋದು, ಗಿಡ ಒಂದಡಿ ಆದ್ಕೂಡ್ಲೇ ಶುರು ಮಾಡಿ, ಚಿವುಟಿದಷ್ಟೂ ಕವಲೊಡೆಯತ್ತೆ, ಹೂ ಬಿಡೋಕೆ ಬಿಟ್ರೆ ಸೊಪ್ಪು ಸಣ್ಣಗಾಗಿ ಕಹಿ ಜಾಸ್ತಿ ಆಗತ್ತೆ.

ಬದನೆ, ಟೊಮೇಟೊ ಕುಲದ್ದೇ ಆದ್ರಿಂದ ಅವುಗಳ ಹುಳ ಇದಕ್ಕೂ ಬರತ್ತೆ, ಎಲೆ ತೂತು ತೂತಾಗಿದ್ರೆ ತಿರುಗಿಸಿ ನೋಡಿ ಕೈಲೇ ತೆಗೀರಿ, ತಿನ್ನೋ ಸೊಪ್ಪಿಗೆ ಔಷಧಿ ಯಾಕೆ ಹೊಡೀಬೇಕು? ಹಾಂ, ಹಸಿರು ಕಾಯಿ ಮಾತ್ರ ಬಾಯಿಗೆ ಹಾಕ್ಬೇಡಿ, ಸೋಲನೈನ್ ಅನ್ನೋ ವಿಷ ಇರತ್ತೆ, ಮನೇಲಿ ಚಿಕ್ಕ ಮಕ್ಕಳಿದ್ರೆ ಕಾಯಿ ಕಂಡಲ್ಲೇ ಕಿತ್ತುಬಿಡಿ. ಸೊಪ್ಪನ್ನೂ ಹಸೀದು ಬೇಡ, ಬೇಳೆ ಜೊತೆ ಚೆನ್ನಾಗಿ ಬೇಯಿಸಿ ಮಸ್ಸೊಪ್ಪು ಮಾಡಿ, ಮುದ್ದೆಗೆ ಸೂಪರ್.