ದೂರದ ಡಾಕ್ಟರಿಗೆ ಕಾಯಿಲೆಯ ಕಾಗದ ಬರೆಯುವುದು ಹೇಗೆ

ನಮ್ಮಮ್ಮ ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿದ್ದಾಳೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಧ್ಯೆ ನೂರು ಕಿಲೋಮೀಟರಿನಷ್ಟು ದಾರಿ. ಅಮ್ಮನಿಗೆ ಬೆನ್ನು, ಕುತ್ತಿಗೆ ಹಿಡಿದುಕೊಂಡು ಮೂರು ವರ್ಷವಾಗಿತ್ತು. ತೋರಿಸಿದ ಕಡೆಯಲ್ಲೆಲ್ಲ ಎರಡೇ ನಿಮಿಷ. "ಎಲ್ಲಿ ನೋವು?" "ಬೆನ್ನು." "ವಯಸ್ಸೆಷ್ಟು?" "ಅರವತ್ತೆರಡು." ನೋವಿನ ಮಾತ್ರೆ, ಜೊತೆಗೊಂದು ಗ್ಯಾಸಿನ ಮಾತ್ರೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಅದೇ ಬೆನ್ನು.

ಕೊನೆಗೆ ಬೆಂಗಳೂರಿನ ಒಬ್ಬ ಹಿರಿಯ ಡಾಕ್ಟರಿಗೆ ನಾಲ್ಕು ಪುಟದ ಕಾಗದ ಬರೆದೆ. ಹಾಗೆ ಬರೆಯುವುದನ್ನು ನಾನು ಕಲಿತದ್ದು ಇನ್ನೂರೈವತ್ತು ವರ್ಷದ ಹಿಂದಿನ ರೋಗಿಗಳಿಂದ.

ಆ ಕಾಲದ ಯೂರೋಪಿನಲ್ಲಿ ಹೆಸರುವಾಸಿ ವೈದ್ಯರ ಮುಖ ನೋಡದೆಯೇ ಟಪಾಲಿನಲ್ಲಿ ಸಲಹೆ ಕೇಳುವುದು ಮಾಮೂಲಾಗಿತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿಲಿಯಂ ಕಲನ್ (1710–1790) ಎಂಬ ವೈದ್ಯರಿದ್ದರು. ಅವರಿಗೆ ಬಂದ ಕಾಗದಗಳು, ಅವರು ಬರೆದ ಉತ್ತರಗಳು ಸಾವಿರಗಟ್ಟಲೆ ಅಲ್ಲಿನ ವೈದ್ಯರ ಕಾಲೇಜಿನಲ್ಲಿ ಇವತ್ತಿಗೂ ಇವೆ. ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಸ್ಯಾಮುಯೆಲ್ ಟಿಸೊ ಅವರಿಗೆ ಬಂದ ಸಾವಿರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಸ್ಟೆತಸ್ಕೋಪ್ ಬಂದದ್ದೇ 1816ರಲ್ಲಿ. ಅದಕ್ಕೂ ಮುಂಚೆ ರೋಗಿ ಎದುರಿಗೆ ಕೂತಿದ್ದರೂ ವೈದ್ಯರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ನಾಡಿ, ನಾಲಿಗೆ, ಮೂತ್ರದ ಬಣ್ಣ ಮತ್ತು ರೋಗಿಯ ಮಾತು. ಆ ಮಾತೇ ಕಾಗದದಲ್ಲಿ ಸರಿಯಾಗಿ ಬಂದರೆ ಅವರಿಗೆ ಮುಕ್ಕಾಲು ಕೆಲಸ ಆದಂತೆ.

ಮೊದಲೇ ಒಂದು ಮಾತು. ಎದೆನೋವು, ಉಸಿರಾಟದ ತೊಂದರೆ, ಮುಖವೋ ಕೈಯೋ ಒಂದು ಕಡೆ ಬಿದ್ದುಹೋಗುವುದು, ನಿಲ್ಲದ ರಕ್ತ, ಇವಕ್ಕೆ ಕಾಗದ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಕಾಗದ ಇರುವುದು ತಿಂಗಳುಗಟ್ಟಲೆ ಕಾಡುವ ಕಾಯಿಲೆಗೆ.

ಬರೆಯಲು ಕೂತಾಗ ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. "ನಮ್ಮಮ್ಮನಿಗೆ ಸಂಧಿವಾತ" ಅಂತ ನಾನು ಮೊದಲ ಸಾಲು ಬರೆದು, ಆಮೇಲೆ ಹೊಡೆದುಹಾಕಿದೆ. ಅದು ಯಾರೋ ಹೇಳಿದ್ದು, ನಾನು ಕಂಡದ್ದಲ್ಲ. ಟಿಸೊ 1761ರಲ್ಲಿ ಹಳ್ಳಿಯ ಜನರಿಗಾಗಿ ಆರೋಗ್ಯದ ಪುಸ್ತಕವೊಂದನ್ನು ಬರೆದರು. ವೈದ್ಯರ ಸಲಹೆ ಕೇಳುವವರು ಯಾವ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬ ಪಟ್ಟಿ ಅದರಲ್ಲಿದೆ. ವಯಸ್ಸೆಷ್ಟು? ಮೊದಲು ಆರೋಗ್ಯ ಹೇಗಿತ್ತು? ಬದುಕು ಹೇಗೆ? ಎಷ್ಟು ದಿನದಿಂದ ಕಾಯಿಲೆ? ಹೇಗೆ ಶುರುವಾಯಿತು? ಎಲ್ಲವೂ ರೋಗಿಯ ಮನೆಯವರು ಉತ್ತರ ಹೇಳಬಲ್ಲ ಪ್ರಶ್ನೆಗಳೇ.

ಶುರುವಾದದ್ದು ಯಾವಾಗ ಅನ್ನುವುದೇ ಕಷ್ಟದ ಪ್ರಶ್ನೆ. ನಮ್ಮಮ್ಮನ ಹತ್ತಿರ ತಾರೀಕು ಇರಲಿಲ್ಲ. "ಶನಿಮಹಾತ್ಮನ ಗುಡಿಗೆ ಶ್ರಾವಣದಲ್ಲಿ ಹೋದಾಗ ಕ್ಯೂನಲ್ಲಿ ಚೆನ್ನಾಗೇ ನಿಂತಿದ್ದೆ. ಆ ವರ್ಷ ಕಡ್ಲೆಕಾಯಿ ಕೀಳೋವಾಗ ಕೂತರೆ ಏಳಕ್ಕಾಗ್ಲಿಲ್ಲ" ಅಂದಳು. ಇದು ಚಿನ್ನದಂಥ ಉತ್ತರ. ಎರಡು ಗುರುತಿನ ನಡುವೆ ಕಾಯಿಲೆ ಸಿಕ್ಕಿಬಿತ್ತು, ಅಲ್ವಾ? ಅದನ್ನು ಹಾಗೇ ಬರೆದು, ಪಕ್ಕದಲ್ಲಿ ಇಂಗ್ಲಿಷ್ ತಿಂಗಳು ಹಾಕಿ. ಹಬ್ಬ, ಸುಗ್ಗಿ, ಮದುವೆ, ಮೊಮ್ಮಗುವಿನ ನಾಮಕರಣ ಹಿಡಿದು ಕೇಳಿದರೆ ಯಾರಿಗೇ ಆದರೂ ನೆನಪು ಬರುತ್ತದೆ.

ಆಮೇಲೆ ನೋವಿನ ಮಾತು. ಇಲ್ಲಿ ಅವಸರ ಬೇಡ. ನಮ್ಮ ಭಾಷೆಯಲ್ಲಿ ನೋವಿಗೆ ಎಷ್ಟೊಂದು ಹೆಸರಿದೆ: ಸೆಳೆತ, ಚಳುಕು, ಹಿಡಿತ, ಉರಿ, ಜೋಮು, ಕುಟುಕು, ಹಿಂಡಿದಂಗೆ, ಜುಮ್ಮೆನ್ನುವುದು. ಚಳುಕು ಬಂದು ಹೋಗುತ್ತದೆ. ಹಿಡಿತ ಕೂತುಬಿಡುತ್ತದೆ. ಉರಿ ಬೇರೆ, ಜೋಮು ಬೇರೆ. ಇವನ್ನೆಲ್ಲ ಸೇರಿಸಿ "ಪೇನ್" ಅಂತ ಬರೆದರೆ ಡಾಕ್ಟರಿಗೆ ಬೇಕಾದದ್ದೇ ಹೋಯಿತು. ಅಮ್ಮ ಹೇಳಿದ್ದು "ಬೆನ್ನಿಗೆ ಹಲಗೆ ಕಟ್ಟಿದಂಗೆ" ಅಂತ. ನೋವು ಅನ್ನುವ ಪದವನ್ನೇ ಅವಳು ಬಳಸಿರಲಿಲ್ಲ! ಮೂರು ವರ್ಷ ನಾವೆಲ್ಲ ಅವಳ ಪರವಾಗಿ ನೋವು, ನೋವು ಅಂತ ಹೇಳುತ್ತಾ ಬಂದಿದ್ದೆವು. ಅವಳಿಗಿದ್ದದ್ದು ಬಿಗಿತ. ಹಾಗಾಗಿ ರೋಗಿ ಹೇಳಿದ್ದನ್ನು ತಿದ್ದಬೇಡಿ. ನಮ್ಮ ಕಡೆ ತೆಲುಗು ಪದ ಬಂದರೂ ಸುಮ್ನೆ ಬರೆದುಕೊಳ್ಳಿ. ಏನು ಮಾಡಲು ಆಗುತ್ತಿಲ್ಲ ಅನ್ನುವುದನ್ನೂ ಸೇರಿಸಿ. "ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾಳೆ" ಎಂಬ ಸಾಲು ನಾನು ಕಣ್ಣಾರೆ ನೋಡಿ ಬರೆದದ್ದು.

ಈಗ ದಿನಚರಿಗೆ ಬನ್ನಿ. ಗ್ರೀಕ್ ಮತ್ತು ಅರಬ್ ವೈದ್ಯರ ಕಾಲದಿಂದ ಬಂದ ಆರು ವಿಷಯಗಳ ಪಟ್ಟಿ ಹದಿನೆಂಟನೇ ಶತಮಾನದಲ್ಲೂ ಬಳಕೆಯಲ್ಲಿತ್ತು. ಗಾಳಿ, ಅನ್ನ ಮತ್ತು ನೀರು, ನಿದ್ದೆ ಮತ್ತು ಎಚ್ಚರ, ದುಡಿಮೆ ಮತ್ತು ವಿಶ್ರಾಂತಿ, ಮಲ ಮೂತ್ರ ಬೆವರು, ಮನಸ್ಸಿನ ಸಂಕಟ. ಕಲನ್ ಅವರ ಉತ್ತರಗಳಲ್ಲೂ ಔಷಧಿಯಷ್ಟೇ ಜಾಗ ಊಟಕ್ಕೆ, ಬಟ್ಟೆಗೆ, ಓಡಾಟಕ್ಕೆ ಇರುತ್ತಿತ್ತು. ಆ ಕಾಲದ ಔಷಧಿಗಳನ್ನು ಈಗ ಯಾರೂ ಮುಟ್ಟಬಾರದು. ಆದರೆ ಈ ಪಟ್ಟಿ ಇವತ್ತಿಗೂ ಗಟ್ಟಿ. ಒಂದೊಂದಕ್ಕೆ ಮೂರು ನಾಲ್ಕು ಸಾಲು ಸಾಕು.

ನಾನು ಊಟದ ಸಾಲಿನಲ್ಲಿ ಬರೆದೆ: ಎರಡು ಹೊತ್ತು ರಾಗಿಮುದ್ದೆ, ಹುರುಳಿ ಸಾರು, ದಿನಕ್ಕೆ ಐದಾರು ಲೋಟ ಟೀ. ನೀರಿನ ಸಾಲಿನಲ್ಲಿ ಬರೆದೆ: ಮೊದಲು ಬಾವಿ ನೀರು, ಬಾವಿ ಬತ್ತಿದ ಮೇಲೆ ಬೋರ್‌ವೆಲ್ ನೀರು, ಇಪ್ಪತ್ತೈದು ವರ್ಷದಿಂದ ಅದೇ. ಪಟ್ಟಿ ತುಂಬಬೇಕಲ್ಲ ಅಂತ ಬರೆದದ್ದು ಅದು. ಡಾಕ್ಟರು ಆ ಸಾಲಿನ ಕೆಳಗೆ ಗೆರೆ ಎಳೆದರು. ಬೆನ್ನಿನ ಎಕ್ಸ್‌ರೇ, ಮೂತ್ರ ಪರೀಕ್ಷೆ, ನೀರಿನ ಪರೀಕ್ಷೆ ಮಾಡಿಸಿ ಅಂತ ಬರೆದು ಕಳಿಸಿದರು. ಸಿಕ್ಕಿದ್ದು ಫ್ಲೋರೈಡ್, ನೆಲದಡಿಯ ನೀರಿನಲ್ಲಿ ಕರಗಿರುವ ಲವಣ. ಅದು ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ ಬರುತ್ತದೆ, ಮೂಳೆ, ಕೀಲು ಬಿಗಿಯುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ಬೋರ್‌ವೆಲ್ ಅದನ್ನು ದಾಟಿತ್ತು. ಪಾವಗಡದವರಿಗೆ ಇದು ಹೊಸ ಸುದ್ದಿಯಲ್ಲ. ಹಲ್ಲಿನ ಕಂದು ಕಲೆ ನೋಡಿಕೊಂಡೇ ಬೆಳೆದವರು ನಾವು. ಆದರೂ ಅಮ್ಮನ ಬೆನ್ನಿಗೂ ಆ ನೀರಿಗೂ ನಂಟು ಹಾಕಿ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಒಂದು ಮಾತು ನೆನಪಿಡಿ: ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯಾಗುತ್ತದೆ.

ಇಲ್ಲಿಯವರೆಗೆ ತೆಗೆದುಕೊಂಡ ಮಾತ್ರೆಗಳ ಹೆಸರು, ಎಷ್ಟು ದಿನ, ಏನಾಯಿತು, ಇಷ್ಟನ್ನೂ ಬರೆಯಿರಿ. ಖಾಲಿಯಾದ ಮಾತ್ರೆ ಸ್ಟ್ರಿಪ್ಪಿನ ಫೋಟೋ ಸೇರಿಸಿದರೆ ಇನ್ನೂ ಒಳ್ಳೆಯದು. ನಾಟಿ ಔಷಧಿ ಕೊಟ್ಟಿದ್ದರೆ ಮುಚ್ಚಿಡಬೇಡಿ. ಬಿಪಿ, ಶುಗರ್, ಜ್ವರ, ತೂಕ ಅಂಕಿಯಲ್ಲೇ ಇರಲಿ.

ಇನ್ನೊಂದು ಸೂಕ್ಷ್ಮ ಇದೆ. ಕಲನ್, ಟಿಸೊ ಅವರ ಕಾಲದಲ್ಲೂ ಎಷ್ಟೋ ಕಾಗದಗಳನ್ನು ರೋಗಿಯ ಬದಲು ಗಂಡ, ತಂದೆ, ನೆಂಟರು, ಊರಿನ ವೈದ್ಯರು ಬರೆಯುತ್ತಿದ್ದರು. ಈಗ ಬರೆಯುವ ಕೆಲಸ ಮಗನದ್ದೋ ಮಗಳದ್ದೋ. ಮಗನ ಮುಂದೆ ತಾಯಿ ಮುಟ್ಟಿನ ವಿಷಯ, ಮೂತ್ರ ತಡೆಯಲಾಗದ ವಿಷಯ ಹೇಳುವುದಿಲ್ಲ. ಸೊಸೆಯ ಮುಂದೆ ಮಾವ ಕುಡಿತದ ಲೆಕ್ಕ ಹೇಳುವುದಿಲ್ಲ. ಅದಕ್ಕೆ ಒಂದು ಬಿಳಿ ಹಾಳೆ ಬೇರೆ ಕೊಡಿ. ಅವರೇ ಬರೆಯಲಿ, ಇಲ್ಲವೇ ನಂಬಿಕೆಯವರ ಕೈಲಿ ಬರೆಸಲಿ. ಮಡಚಿ ಅಂಟಿಸಿ ಕೊಟ್ಟರೆ ನೀವು ತೆರೆಯಬೇಡಿ. ಕಾಗದದ ಕೊನೆಯಲ್ಲಿ ಬರೆದವರು ಯಾರು, ಯಾವುದು ರೋಗಿಯ ಮಾತು, ಯಾವುದು ನಿಮ್ಮ ಅಂದಾಜು ಎಂದು ತಿಳಿಸಿ.

ಕಳಿಸುವ ಮುಂಚೆ ಒಂದು ಪ್ರತಿ ಇಟ್ಟುಕೊಳ್ಳಿ. ಕಲನ್ ತಮ್ಮ ಉತ್ತರಗಳ ಪ್ರತಿಯನ್ನು ಮೊದಲು ಕೈಯಲ್ಲೇ ಬರೆಸುತ್ತಿದ್ದರು. 1780ರಲ್ಲಿ ಜೇಮ್ಸ್ ವಾಟ್ ನಕಲು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಒದ್ದೆ ಮಾಡಿದ ತೆಳು ಹಾಳೆಯನ್ನು ಹಸಿ ಶಾಯಿಯ ಮೇಲೆ ಒತ್ತಿ ತೆಗೆಯುವ ಯಂತ್ರ ಅದು. ಕಲನ್ ಅದನ್ನೂ ತರಿಸಿಕೊಂಡರು. ಹಾಗಾಗಿಯೇ ಆ ಉತ್ತರಗಳು ನಮಗೆ ಉಳಿದವು. ನಮಗೆ ಫೋನಿನಲ್ಲಿ ಒಂದು ಫೋಟೋ ಸಾಕು.

ಕಾಗದವನ್ನು ಅಂಚೆಯಲ್ಲೇ ಹಾಕಬೇಕೆಂದಿಲ್ಲ. ವಾಟ್ಸಾಪಿನಲ್ಲಿ ಕಳಿಸಬಹುದು, ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ಮಾತಾಡುವಾಗ ಕೈಯಲ್ಲಿ ಹಿಡಿದುಕೊಳ್ಳಬಹುದು. ಡಾಕ್ಟರು "ನೋಡಲೇಬೇಕು, ಕರೆದುಕೊಂಡು ಬನ್ನಿ" ಅಂದರೆ ಹೋಗಲೇಬೇಕು. ಹೋದಾಗಲೂ ಆ ಎರಡು ನಿಮಿಷಕ್ಕೆ ಈ ಕಾಗದ ಬೇಕು.

ಉತ್ತರ ಬಂದ ಮೇಲೆ ರೋಗಿಗೆ ಓದಿ ಹೇಳಿ. ಎರಡು ಮೂರು ತಿಂಗಳಾದ ಮೇಲೆ ಅದೇ ಕ್ರಮದಲ್ಲಿ ಇನ್ನೊಂದು ಕಾಗದ ಬರೆಯಿರಿ, ಆಗ ಹೋಲಿಸಿ ನೋಡಬಹುದು. ಗಟ್ಟಿಯಾದ ಮೂಳೆ ಮೊದಲಿನಂತಾಗುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಲು ಶುರು ಮಾಡಿ ಆರು ತಿಂಗಳಾಗಿತ್ತು. ಎರಡನೇ ಕಾಗದಕ್ಕೆ ಅಮ್ಮ ಹೇಳಿ ಬರೆಸಿದ ಸಾಲು ಇದು: "ಗೂಡಿನಲ್ಲಿ ದೀಪ ಇಡಕ್ಕೆ ಕತ್ತೆತ್ತುತ್ತೀನಿ. ಬಗ್ಗಿ ರಂಗೋಲಿ ಹಾಕಕ್ಕೆ ಇನ್ನೂ ಆಗಲ್ಲ. ಹಲಗೆ ಸ್ವಲ್ಪ ಸಡಿಲ ಆಗಿದೆ." ಒಂದಕ್ಷರ ತಿದ್ದದೆ ಬರೆದು, ತಾರೀಕು ಹಾಕಿ ಕಳಿಸಿದೆ.