ಹೋಗಿದ್ದು ಮುಚ್ಚಳ, ಇಂಜಿನ್ ಅಲ್ಲ

ನಮ್ಮ ಕಾರು 1,80,000 ಕಿ.ಮೀ. ಓಡಿದೆ. ಹೋದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೇರಿತು. ಗ್ಯಾರೇಜಿನಲ್ಲಿ 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಮಾರಿಬಿಡಿ ಸಾರ್' ಅಂದರು. ಅದು ಇಂಜಿನ್ನಿನ ತಲೆಭಾಗಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು, ಹೋದರೆ ಆಯಿಲ್‌ಗೆ ನೀರು ಸೇರಬಹುದು. ಮನಸ್ಸು ಒಪ್ಪಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಸೇರಿದ್ದರೆ ಹಾಲು ಹಾಕಿದ ಕಾಫಿ ಬಣ್ಣ ಬರಬೇಕಿತ್ತು, ಬಂದಿರಲಿಲ್ಲ. ಆದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರ್ ಪಕ್ಕದ ಡಬ್ಬಿಗೆ ಉಕ್ಕಿ ಹೋಗಿದ್ದು ವಾಪಸ್ ಬರುತ್ತಿರಲಿಲ್ಲ.

ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದೆ (ಬಿಸಿ ಇದ್ದಾಗ ಮುಟ್ಟಲೇಬೇಡಿ, ಮುಖ ಸುಟ್ಟೀತು). ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಒಳಗೆ ಒತ್ತಡ ಉಳಿಯದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ ಅಲ್ವಾ. ಮುಚ್ಚಳದ ಮೇಲೆ 0.9 ಅಂತ ಇತ್ತು (ಅದು ತಡೆಯುವ ಒತ್ತಡದ ಅಳತೆ), ಅದೇ ಅಳತೆಯ ಹೊಸದು ಹಾಕಿ ಕೂಲೆಂಟ್ ತುಂಬಿಸಿದೆ. ಮೊನ್ನೆ ಮತ್ತೆ ಅದೇ ಘಾಟಿ ಹತ್ತಿದೆ, ಮುಳ್ಳು ಅರ್ಧ ದಾಟಲಿಲ್ಲ.